ಪೆನ್ಸಿಲ್ಲಿನ ಮಾಲೀಕರು

ಹಟ್ಟಿ ಗಣಿಯ ನಕ್ಷೆ ವಿಭಾಗದೊಳಗ
ಮೂರು ದಿನದಿಂದ ಮೀಟಿಂಗು.
ಯಾರು ನೋಡಬೇಕು, ಯಾರು ತಿದ್ದಬೇಕು,
ಅಳಿಸೋ ಹಕ್ಕು ಯಾರ ಕೈಗೆ.
ಗೋಡೆ ಮ್ಯಾಲಿನ ಬೆಳಕಿನಾಗ ಬರೇ ಕಾಲಮ್ಮು, ಕಾಲಮ್ಮು;
ನನ್ನ ಹೆಸರು ‘ನೋಡಬಹುದು’ ಅನ್ನೋದರ ಕೆಳಗ.

ಇಪ್ಪತ್ತೆರಡು ವರ್ಷ ಈ ಬಟ್ಟೆ ನಕ್ಷೆಗಳನ್ನ
ಸುರುಳಿ ಸುತ್ತಿದಾಕಿ ನಾನು.
ಸ್ಕ್ಯಾನಿಗೆ ಹೋಗಿ ಬಂದ ಹದಿನಾಲ್ಕನೇ ಹಾಳಿಯೊಳಗ
ಏನೋ ಕಮ್ಮಿ ಅನಿಸ್ತು.
ಹಳೇದನ್ನ ಕಿಟಕಿಗೆ ಹಿಡಿದೆ:
ಮುಚ್ಚಿದ ಸುರಂಗದ ತುದಿಗೆ, ತೆಳ್ಳನ ಪೆನ್ಸಿಲ್ಲಿನಾಗ,
‘ಇಲ್ಲಿ ನೀರದ.’
ಸಹಿ ಇಲ್ಲ, ತಾರೀಖಿಲ್ಲ,
ಎಣ್ಣೆಗೈ ಹೆಬ್ಬೆಟ್ಟಿನ ಕಲೆ ಅಷ್ಟ.
ಯಂತ್ರದ ಕಣ್ಣಿಗೆ ಧೂಳಂತ ಕಂಡಿರಬೇಕು,
ಸ್ವಚ್ಛ ಮಾಡಿಬಿಟ್ಟದ.

ಮೇಸ್ತ್ರಿ ಗದ್ದೆಪ್ಪಂದಿರಬೇಕು ಅಂದ್ರು ಸರ್ವೆಯ ಮಹಬೂಬಸಾಬ್ರು.
ನಾಲ್ಕನೇ ಇಯತ್ತೆ ಓದಿದಾಂವ,
ಕಲ್ಲಿಗೆ ಕಿವಿ ಹಚ್ಚಿ ಕೇಳತಿದ್ದ.
ತಿದ್ದೋ ಹಕ್ಕು ಅವಗ ಯಾರೂ ಕೊಟ್ಟಿದ್ದಿಲ್ಲ.

ಯೋಜನೆ ಬರೆಯೋರು ಹೈದ್ರಾಬಾದಿನವರು, ಒಳ್ಳೆಯವರು,
ಮೆಲ್ಲಗ ತಿಳಿಸಿದ್ರು:
ಮಾಲೀಕರಿಲ್ಲದ ದಾಖಲೆ
ತೊಂಬತ್ತು ದಿನಕ್ಕ ತಾನಾ ಹೋಗ್ತದ.
ಮೂರು ದಿನದೊಳಗ ಮೊದಲ ಸಲ ಕೈ ಎತ್ತಿದೆ.
ಬರೀರಿ. ಮಾಲೀಕರು: ಹುಲಿಗೆಮ್ಮ, ನಕ್ಷೆ ವಿಭಾಗ.
ಯಾರೋ ನಕ್ಕರು. ಟೈಪಾತು.

ಹೊರಗ ಎರಡನೇ ಪಾಳಿ ಸೈರನ್ನು,
ತಲಿಗೆ ದೀಪ ಕಟ್ಟಿಕೊಂಡು ಮಂದಿ ಕೇಜಿಗೆ ಸಾಲು.

ಆಮ್ಯಾಲ ಪರದೆ ಕೇಳ್ತು:
ಈ ಟಿಪ್ಪಣಿ ಎಲ್ಲಿತನಕ ಜಾರಿ?
‘ನೀರು ಬತ್ತೋತನಕ’ ಅಂತ ಒತ್ತಿದೆ.
ಕೆಂಪಾತು.
ಅಂಕಿ ಮಾತ್ರ ತಗೋತದಂತ.