ಚೀಲದ ಮ್ಯಾಲಿನ ಊರು

ಕಪನೂರಿನ ಬ್ಯಾಳಿ ಮಿಲ್ಲಿನಾಗ ಹದಿನೇಳು ವರ್ಷ
ಜರಡಿ ಹಿಡದಾಕಿ ನಾ.
ತೊಗರಿ ಅಂದ್ರ ನಮ್ದೇ ಅಂತ ತಿಳ್ಕೊಂಡಿದ್ದೆ,
ಈ ಕರಿಮಣ್ಣು, ಈ ಬಿಸಲು ಬಿಟ್ಟು
ಮತ್ತೆಲ್ಲಿ ಹುಟ್ಟೀತು ಅದು?
ಈಗ ಮುಂಬೈ ಬಂದರದಿಂದ ಲಾರಿ ಬರ್ತಾವ.
ಕಾಳು ಸಣ್ಣ, ಜರಡ್ಯಾಗ ಸಪ್ಪಳನೂ ಬ್ಯಾರೆ.
ಆಫ್ರಿಕಾ ಮಾಲು ಅಂತಾನ ಮುನೀಮ.
ಅಷ್ಟೇ ಅದರ ವಿಳಾಸ.

ಖಾಲಿ ಚೀಲ ಒಂದು ತಂದೆ, ಹೊಸಲಿಗಿ ಹಾಸ್ಲಾಕ.
ಒಗದು ಗ್ವಾಡಿ ಮ್ಯಾಲ ಹಾಕಿದ್ದೆ.
ಮ್ಯಾಲಿನ ಖೋಲಿ ಹುಡುಗ ಅಮಿಸ್ಸೆ
ಕಾಲಾಗ ಚಪ್ಪಲಿ ಸೈತ ಇಲ್ಲದ ಇಳದು ಬಂದ.

ಕಾಲೇಜ ಓದ್ಲಾಕ ಬಂದು ಎರಡು ವರ್ಷ.
ಆಟೋದವರು ಹಬ್ಶಿ ಅಂತಾರ,
ಅಂದ್ರೇನು ಅಂತ ಒಮ್ಮಿ ಕೇಳಿದ್ದ.
ಬೀದರದಾಗ ಹಬ್ಶಿ ಕೋಟ್ ಅಂತ ಗುಡ್ಡ ಅದ, ಅಂದಿದ್ದೆ,
ನಿಮ್ಮ ಕಡಿಂದ ಬಂದವರ ಗೋರಿ ಅಲ್ಲಿ,
ದೊಡ್ಡ ಸರದಾರರಾಗಿದ್ರಂತ.
ಅವರು ಬ್ಯಾರೆ ಕಡಿಯವರು, ಅಂದ.
ಆಫ್ರಿಕಾ ಒಂದು ಓಣಿ ಅಲ್ಲ ಅಕ್ಕಾ.

ಚೀಲದ ಅಕ್ಷರಕ್ಕ ಬಟ್ಟಿಟ್ಟು ಓದ್ದ:
ನಂಪುಲಾ.
ನಮ್ಮ ಜಿಲ್ಲಾ.
ನಿಮ್ಮ ಭಾಷಾದಾಗ ಬರದಾರೇನು?
ಇಲ್ಲ. ಪೋರ್ಚುಗೀಸ್. ಹಡಗಿನ್ಯಾಗ ಬಂದವರದು.
ಅವ್ವ ಬೈಯೋದು ಮಕುವಾದಾಗ,
ನಾ ಲೆಕ್ಕ ಮಾಡೋದು ಇದರಾಗ.
ನಾ ಸುಮ್ನಾದೆ.
ಮಿಲ್ಲಿನಾಗ ಏಕ್ ದೋ ತೀನ್ ಅಂತ ಚೀಲ ಎಣಸಾಕಿ ನಾನೂ;
ಮನ್ಯಾಗ ರೊಟ್ಟಿಗಿ ಮಾತ್ರ ಒಂದು, ಎರಡು.

ಆಮ್ಯಾಲ ಅವನ ಹಿಂದಿ, ನನ್ನ ಹಿಂದಿ
ಎರಡೂ ಕುಂಟಕೋತ ನಡದ್ವು
ಅವನ ಅಜ್ಜಿಯ ಅವ್ವನ ಹೊಲದ ತನಕ.
ಜ್ವಾಳದ ಹೊಲದಾಗ ಹತ್ತಿ ಬಿತ್ತು ಅಂದ್ರಂತ ಬಿಳಿ ಸಾಹೇಬರು.
ಹತ್ತಿ ಉಣ್ಲಾಕ ಬರ್ತದೇನು?
ತೂಗ್ಲಾಕ ಬರ್ತದ.
ತಕ್ಕಡಿ ಅವರದು, ದರ ಅವರದು, ಹಡಗ ಅವರದು.
ಕಮ್ಮಿ ಬೆಳದ್ರ ಅಂಗೈಗಿ ಕಟಗಿ ಹಲಗಿಯ ಹೊಡತ.
ಹಲಗ್ಯಾಗ ತೂತು ಇದ್ದವಂತ,
ಚರ್ಮ ಎದ್ದು ಬರಲಿ ಅಂತ.
ಬಡಗ್ಯಾನೂ ಒಬ್ಬ ಇದ್ದಿರಬೇಕಲ್ಲ,
ಕುಂತು, ಅಳತಿ ಹಿಡದು, ಆ ತೂತು ಕೊರದಾಂವ.

ಗಂಡಸರು ರಾತ್ರೋರಾತ್ರಿ ಗಡಿ ದಾಟಿ ಓಡ್ಯಾರ,
ಆ ಗಡಿನೂ ಅವರೇ ಎಳದದ್ದು, ಯಾವ ನದಿನೂ ಕೇಳದ.
ಹೆಂಗಸರು ಉಳದ್ರು.
ಸರ್ಕಾರ ಕೊಟ್ಟ ಹತ್ತಿ ಬೀಜ
ರಾತ್ರಿ ಒಲಿ ಹಚ್ಚಿ ಹುರದ್ರು,
ಮುಂಜಾನಿ ಸಾಹೇಬನ ಎದುರಿಗಿ
ಸಾಲು ಹಿಡದು ಬಿತ್ತಿದ್ರು.
ಒಂದೂ ಹುಟ್ಟಲಿಲ್ಲ.
ನೆಲ ಒಲ್ಲೆ ಅಂತದ ಸಾಹೇಬ್ರ,
ಅಂದ್ರಂತ, ಕೈ ಕಟ್ಟಿ.

ನಾ ನಕ್ಕೆ, ಓಣಿಗಿ ಕೇಳೋ ಹಾಂಗ.
ಅಂವ ನಗಲಿಲ್ಲ.
ಒಂದು ವರ್ಷ ನಂಬಿದ್ರು, ಅಂದ.
ಮರು ವರ್ಷ ಬೀಜದ ಸಂಗಾಟ ಪೊಲೀಸರು ಬಂದ್ರು.

ಮತ್ತ್ ಈಗ?
ಈಗ ತೊಗರಿ ಬಿತ್ತತಾಳ ನಮ್ಮಜ್ಜಿ.
ತಾ ಉಣ್ಣೂದು ಕಮ್ಮಿ.
ದರ ನಿಮ್ಮೂರಾಗ ಆಗ್ತದಂತ ಅಕ್ಕಾ, ಖರೆ ಏನು?

ನನಗೇನು ಗೊತ್ತು ದರ.
ನನ್ನ ಪಗಾರ ದಿನಕ್ಕ ಮುನ್ನೂರಾ ಇಪ್ಪತ್ತು.
ಹಾಂಗಂತ ಹೇಳ್ಲಾಕ ಬಾಯಿ ತಗದು
ಹೇಳಲಿಲ್ಲ.

ಚೀಲದ ಹೊಲಿಗ್ಯಾಗ ಒಂದು ಕಾಳು ಸಿಕ್ಕಿತ್ತು,
ಒಗದ್ರೂ ಬಿದ್ದಿಲ್ಲ. ಉಗರಿಂದ ತಗದೆ.
ಹಸಿನೋ ಒಣಗ್ಯದೋ, ಕಡದು ನೋಡೋ ಚಟ ನಂದು;
ಅಷ್ಟ್ರಾಗ ಅಂವ ಕೈ ಚಾಚ್ದ.
ಅಂಗೈ.
ಬೇಕಾದ್ದಕ್ಕಿಂತ ಜರಾ ಹೆಚ್ಚು ಹೊತ್ತು ನೋಡ್ದೆ.
ಕಡಿಲಿಲ್ಲ. ಕೊಟ್ಟೆ.
ಅಂಗಿ ಕಿಸೆದಾಗ ಹಾಕ್ಕೊಂಡು ಮ್ಯಾಲ ಹೋದ.

ಆ ಚೀಲ ಮಡಚಿ ಟ್ರಂಕಿನ ತೆಳಗ ಇಟ್ಟೀನಿ.
ಹೊಸಲಿಗಿ ಬ್ಯಾರೆದ್ದು ತಂದೀನಿ.
ಅದರ ಮ್ಯಾಲನೂ ಏನೋ ಬರದದ.
ಇನ್ನಾ ಯಾರನ್ನೂ ಕೇಳಿಲ್ಲ.