ಹನ್ನೊಂದು ತಿಂಗಳ ಓಕ್

ಸಿಲ್ವರ್ ಓಕ್ ಅಲ್ಲ, ಅದು ಕಾಫಿತೋಟದ ಮರ,
ಇದು ಹಡಗಿನಲ್ಲಿ ಬಂದದ್ದು, ಎನ್ನುತ್ತಾರೆ ಫಿಲೋಮಿನಾ ಆಂಟಿ.
ಕಾಕ್ಸ್ ಟೌನಿನ ಈ ಮಹಡಿಮನೆಯ ಕಿಟಕಿಗೆ
ಅವರ ಮಾವ ಯಾವುದೋ ಕ್ಲಬ್ಬಿನ ಹರಾಜಿನಲ್ಲಿ ಹಿಡಿದು
ಹಾಕಿಸಿದ ಆರಡಿ ಹಲಗೆ.
ನಾಲ್ಕು ಸಂಸಾರ ಇದರ ಮೇಲೆ ಕೂತೆದ್ದು ಹೋಗಿವೆ.
ಯಾರೋ ಇಸ್ತ್ರಿ ಮಾಡಿದ್ದಾರೆ: ಗುರುತಿದೆ.

ಹನ್ನೊಂದು ತಿಂಗಳ ಅಗ್ರಿಮೆಂಟು ನನ್ನದು.
ಪಾಲಿಶ್ ಖರ್ಚು ಅರ್ಧ ಅರ್ಧ ಎಂದು ಮಾತಾಗಿದೆ;
ಆರಿಸುವವಳು ನಾನು, ಬೇಡ ಎನ್ನುವವರು ಅವರು.

ಶಾಂಪುರದಿಂದ ಖಲಂದರ್ ಸಾಬರು ಬಂದರು,
ಗಾಡಿಯ ಎರಡೂ ಕಡೆ ಡಬ್ಬ ನೇತುಹಾಕಿಕೊಂಡು.
ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ಕುಟ್ಟಿ
ಒಳಗಿನಿಂದ ಯಾರಾದರೂ ಓ ಎಂದಾರೇನೋ ಎಂಬಂತೆ ಕಾದರು.
'ಇದಕ್ಕೆ ಒಗರು ಜಾಸ್ತಿ ಅಮ್ಮ.
ಒದ್ದೆ ಕಬ್ಬಿಣ ತಾಕಿದ್ರೆ ಸಾಕು, ಕಾಡಿಗೆ ಹಚ್ಕೊಳ್ಳುತ್ತೆ.'
ಹೌದು, ಮೊಳೆಯ ಸುತ್ತ ಒಂದು ಕಪ್ಪು ಕಣ್ಣು.

ಪರದೆ ಮುಚ್ಚುವ ಮೂಲೆಯಲ್ಲಿ
ನಾಲ್ಕು ಪಟ್ಟಿ ಹಚ್ಚಿಕೊಟ್ಟು ಹೋದರು:
ಅರಗಿನ ಪಾಲಿಶು, ಮೆಲಮೈನು, ಪಿಯು, ಅಗಸೆ ಎಣ್ಣೆ.
ಮೂರು ದಿನ ಮನೆಯೆಲ್ಲ ಥಿನ್ನರ್,
ಸಾರಿಗೂ ಅದೇ ಒಗ್ಗರಣೆ.

ಅರಗಿನದು ಚೆಂದ, ಮದುವೆಮನೆಯ ಹೊಳಪು;
ಬಿಸಿ ಲೋಟ ಇಟ್ಟೆ, ಬಿಳಿ ಬಳೆ ಮೂಡಿತು.
ಮೆಲಮೈನಿನ ಎದುರು ಕೂತರೆ
ಈಗ ಬಿಲ್ ತರುತ್ತಾರೇನೋ ಅನ್ನಿಸುತ್ತದೆ.
ಪಿಯು ಹತ್ತು ವರ್ಷ ಗ್ಯಾರಂಟಿ.
ಹತ್ತು ವರ್ಷ!
ಬೆರಳು ಮಡಚಿ ಎಣಿಸಿದೆ, ಎಷ್ಟು ಅಗ್ರಿಮೆಂಟು,
ಸಿಲಿಂಡರಿನ ವಿಳಾಸ ಎಷ್ಟು ಸಲ ಬದಲಾಯಿಸುವುದು.
ಅದರ ಮೇಲೊಂದು ಹನಿ ನೀರು ಬಿಟ್ಟೆ.
ದುಂಡಗೆ ನಿಂತಿತು,
ಎಲ್ಲಿಗೂ ಇಳಿಯದೆ, ಸಾಮಾನು ಕಟ್ಟಿಟ್ಟುಕೊಂಡವರ ಹಾಗೆ.

ಎಣ್ಣೆಯ ಪಟ್ಟಿ ಮಂಕು.
ಆದರೆ ಮುಟ್ಟಿದರೆ ಮರವೇ ಸಿಗುತ್ತದೆ,
ಎಳೆ ಎಳೆ, ಬಾಳೆನಾರಿನಂತೆ.
ವರ್ಷಕ್ಕೊಮ್ಮೆ ಹಚ್ಚಬೇಕು ಎಂದಿದ್ದರು ಸಾಬರು,
ಇಲ್ಲದಿದ್ದರೆ ತಲೆಕೂದಲಿನ ಹಾಗೆ ಒಣಗುತ್ತದಂತೆ.
ಆಂಟಿ ಮೆಟ್ಟಿಲು ಹತ್ತಿ ಬಂದು, ಕನ್ನಡಕ ಏರಿಸಿ,
'ಏನೂ ಹಚ್ಚೇ ಇಲ್ಲದ ಹಾಗಿದೆಯಲ್ಲ,
ಇದಕ್ಕೆ ಅರ್ಧ ದುಡ್ಡು ನಾನ್ಯಾಕೆ ಕೊಡಲಿ?'
ಕೊಡಬೇಡಿ, ಅಂದೆ.

ಹಳೆ ಬನಿಯನ್ನಿನ ಚೂರಿನಿಂದ ನಾನೇ ತಿಕ್ಕಿದೆ
ಒಂದು ಭಾನುವಾರ ಪೂರ್ತಿ,
ಇಸ್ತ್ರಿಯ ತ್ರಿಕೋನದ ಮೇಲೂ, ಕಪ್ಪು ಕಣ್ಣಿನ ಸುತ್ತಲೂ.
ಎಣ್ಣೆಬಟ್ಟೆ ಮುದುರಿ ಎಸೆದರೆ ತಾನೇ ಹೊತ್ತಿಕೊಳ್ಳುತ್ತದಂತೆ;
ನೀರಲ್ಲಿ ಅದ್ದಿ ತಂತಿಗೆ ಹರವಿದೆ.

ಉಳಿದ ಅರ್ಧ ಡಬ್ಬದ ಮೇಲೆ
ಸ್ಕೆಚ್ ಪೆನ್ನಿನಲ್ಲಿ ಬರೆದೆ: ಕಿಟಕಿಗೆ, ಮುಂದಿನ ಜೂನ್.
ಯಾರು ಹಚ್ಚಬೇಕು ಎಂದು ಬರೆಯಲಿಲ್ಲ.