ಕಪಾಟಿನ ಮೂರನೇ ಸಾಲು

ಬಾಗಿಲು ಎಳೆದುಕೋ ಫಾಬ್ರಿಸಿಯೊ,
ಜುಲೈಯಲ್ಲಿ ಪಂಪಾದ ಗಾಳಿ ಸ್ಪ್ಯಾನರನ್ನೂ ಕಚ್ಚುತ್ತದೆ.
ತಾ ಇಲ್ಲಿ ನಿನ್ನ ಗ್ರಾಫ್ ಹಾಳೆ.
ಕ್ಯಾಮ್‌ಶಾಫ್ಟಿನ ಉಬ್ಬು ಚೆನ್ನಾಗಿ ಬರೆದಿದ್ದೀಯ.
ಪೆನ್ಸಿಲ್ಲಿಗೇನು, ಸ್ಪ್ರಿಂಗ್ ಮುರಿಯುವ ಭಯವಿಲ್ಲ.

ಕಪಾಟಿನಲ್ಲಿ ನೋಡು, ಮೂರನೇ ಸಾಲು:
ಇನ್ನೂರ ಎಂಬತ್ತೆಂಟು ಡಿಗ್ರಿ, ಎಣ್ಣೆಕಾಗದದಲ್ಲಿ ಸುತ್ತಿದ್ದು.
ಅರೆಸಿಫೆಸ್‌ನ ಅರ್ಧ ಕಾರುಗಳ ಎದೆಯಲ್ಲಿ ಅದೇ ತಿರುಗುತ್ತದೆ.
ಕಣ್ಣು ಮುಚ್ಚಿ ಕೂರಿಸಬಲ್ಲೆ, ಕೈಗೆ ಬಾಯಿಪಾಠ.
ಆರು ಸಿಲಿಂಡರು, ಏಳು ಸಾವಿರ ಸುತ್ತು,
ಭಾನುವಾರ ಸಂಜೆ ತನ್ನ ಕಾಲಲ್ಲೇ ಮನೆಗೆ ಬರುತ್ತದೆ.
ಗೆಲ್ಲುತ್ತದೆಯೇ?
ನಾಲ್ಕನೆಯದಾಗುತ್ತದೆ.
ನಾಲ್ಕನೆಯವರಿಗೂ ಊಟ ರುಚಿಸುತ್ತದೆ, ನಂಬು.

ನಿನ್ನದು? ಗೊತ್ತಿಲ್ಲ.
ಗೊತ್ತಿಲ್ಲ ಅನ್ನುವುದಕ್ಕೂ ಒಂದು ರೇಟಿದೆ:
ಉಕ್ಕು, ಸಾಣೆಯ ಕೂಲಿ, ಎರಡು ಸೆಟ್ ವಾಲ್ವು,
ನಿನ್ನಪ್ಪ ಇನ್ನೂ ಮಾರದ ಆ ಟ್ರಾಕ್ಟರು.

ನಗಬೇಡ. ಬಿಲ್ಲುಗಳು ಹಾರದಂತೆ ಮೇಜಿನ ಮೇಲಿಟ್ಟಿದ್ದೇನಲ್ಲ
ಸೊಟ್ಟ ವಾಲ್ವು, ಅದು ನನ್ನ ಗ್ರಾಫ್ ಹಾಳೆ.
ಎಂಬತ್ತೊಂಬತ್ತನೇ ಇಸವಿ, ಎರಡನೇ ಲ್ಯಾಪು.
ಸ್ಟೀರಿಂಗ್ ಹಿಡಿದಿದ್ದವನು ಗಂಡ.
ಒಂದು ವಾರ ಉಪ್ಪು ಕೊಡು ಅಂತಲೂ ಕೇಳಲಿಲ್ಲ.
ಆಮೇಲೆ ನಾಲ್ಕು ಡಿಗ್ರಿ ಇಳಿಸಿದೆ. ಮುರಿಯಿತು.
ಮತ್ತೆ ಎರಡು ಇಳಿಸಿದೆ.
ಇನ್ನೂರ ಎಂಬತ್ತೆಂಟಕ್ಕೆ ಬಂದು ನಿಂತೆ.

ಸೋರೆಬುರುಡೆಯಲ್ಲಿ ಮಾಟೆ ಆರುತ್ತಿದೆ, ಕುಡಿ.
ಸಾಣೆಯಂತ್ರ ಹದಕ್ಕೆ ಬರಲು ಅರ್ಧ ಗಂಟೆ ಬೇಕು.
ಕಪಾಟಿನ ಬೀಗದ ಕೈ ಮೊಳೆಯಲ್ಲಿದೆ.
ಸ್ವಿಚ್ಚು, ನಿನ್ನ ಬೆನ್ನ ಹಿಂದೆ.